ಹಿಂದಿನ ಸೀಟಿಗೆ ಮಾಮಾ ಬೇಕು

ವಿಜಯಪುರದ ನಮ್ಮ ಮನೆ ಮುಂದೆ 1998ರ ಮಾರುತಿ ಜಿಪ್ಸಿ ಜೀಪು ನಿಂತಿದೆ. ಓಣಿ ಹುಡುಗರು ಅದಕ್ಕೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಬೀಗರು ಬಂದರೆ ಒಂದು ಸುತ್ತು ಹಾಕಿ, "ಭಾರೀ ಗಾಡಿ ಬಿಡ್ರಿ" ಅಂತಾರೆ. ಅದರಲ್ಲಿ ತಿಕೋಟಾಕ್ಕೆ ಹೋಗಿ ಬಂದವರು ಮಾತ್ರ ಮುಂದಿನ ಸಲ ಬಸ್ಸಿನ ಟೈಮು ಕೇಳುತ್ತಾರೆ.

ಇದು ಗಾಡಿಯ ತಪ್ಪಲ್ಲ. 1985ರಲ್ಲಿ ನಮ್ಮ ದೇಶದ ರಸ್ತೆಗೆ ಇಳಿದಾಗಿನಿಂದಲೂ ಜಿಪ್ಸಿಯ ನಾಲ್ಕೂ ಚಕ್ರಕ್ಕೆ ಇರುವುದು ಕಮಾನ್ ಪಟ್ಟಿ, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಲಾರಿಗೆ ಇರುತ್ತಲ್ಲ, ಅದೇ ಜಾತಿ. ಮಿಲಿಟರಿಯವರು ಸಾಮಾನು ಹೇರಿಕೊಂಡು ಗುಡ್ಡ ಹತ್ತಿಸಿದ ಗಾಡಿ ಅದು. ಪಟ್ಟಿ ಬಗ್ಗಬೇಕಾದರೆ ಮೇಲೆ ಭಾರ ಬೇಕು. ಖಾಲಿ ಓಡಿಸಿದರೆ ಅದು ಬಗ್ಗಲ್ಲ, ನಮ್ಮ ನಡು ಬಗ್ಗುತ್ತೆ. ಅದರ ಮೇಲೆ ನಮ್ಮ ಕಡೆಯ ಎರೆ ಮಣ್ಣು ಬೇರೆ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಮೇಲಿನ ಡಾಂಬರು ಪಾಪ ಎಷ್ಟು ದಿನ ಸಪಾಟಾಗಿ ಇದ್ದೀತು?

ಹಿಂದಿನದು ಎದುರುಬದುರಿನ ಬೆಂಚು ಸೀಟು, ಸರಿಯಾಗಿ ಚಕ್ರದ ಮೇಲೆ. ಬಣ್ಣ ಬಳಿಯದ ಒಂದು ಹಂಪಿನಲ್ಲಿ ನಮ್ಮ ಅತ್ತೆಯವರ ತಲೆ ಮೇಲಿನ ಪೈಪಿಗೆ ಬಡಿಯಿತು. ಊರು ಮುಟ್ಟುವವರೆಗೂ ಅವರು ಮಾತಾಡಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ಹೆಂಡತಿ ಮಾತಾಡಿದಳು. ಅವತ್ತು ತಂದ ದ್ರಾಕ್ಷಿ ಬಾಕ್ಸಿನ ತಳದಿಂದ ಮನೆ ಮೆಟ್ಟಿಲವರೆಗೂ ರಸ ಸೋರಿತ್ತು. (ಇಂಡಿ ನಿಂಬೆಹಣ್ಣಾದರೆ ಚಿಂತೆಯಿಲ್ಲ. ಎಷ್ಟು ಕುಕ್ಕಿದರೂ ಹಾಗೇ ಬರುತ್ತವೆ.)

ರಿಪೇರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಕಾಕಾನ ಮಗ ಮೊಬೈಲಿನಲ್ಲಿ ವಿಡಿಯೋ ನೋಡಿ ಗ್ಯಾಸಿನ ಶಾಕ್ ಅಬ್ಸಾರ್ಬರ್ ಹಾಕಿಸಿದ. ಕುಣಿತ ನಿಂತಿತು ನಿಜ, ಹೊಡೆತ ಮಾತ್ರ ಜಾಸ್ತಿ ಆಯಿತು. ಹೊಡೆತ ತಿನ್ನುವ ಕೆಲಸ ಪಟ್ಟಿಯದು, ಕುಣಿತ ನಿಲ್ಲಿಸುವ ಕೆಲಸ ಶಾಕಿನದು ಅಂತ ಆ ವಿಡಿಯೋದಲ್ಲಿ ಹೇಳಿರಲಿಲ್ಲವಂತೆ.

ಕೊನೆಗೆ ನಮ್ಮ ಹಳೇ ಮಿಸ್ತ್ರಿ ಗಾಡಿ ಕೆಳಗೆ ತೂರಿದರು. ಮೊದಲು ಹೊರಗೆ ಬಂದಿದ್ದು ಬರೀ ನಗು.

"ಸರ, ಪಟ್ಟಿ ಎಲ್ಲಾ ಜಂಗ್ ಹಿಡದು ಒಂದಕ್ಕೊಂದು ಅಂಟ್ಯಾವ. ಒಂದರ ಮ್ಯಾಲೊಂದು ಜಾರಿದ್ರನ ಅಲ್ಲೇನ್ರಿ ಸ್ಪ್ರಿಂಗ್ ಅನ್ನೂದು? ಇದು ಈಗ ಬರೇ ಕಬ್ಬಿಣ."

ಪಟ್ಟಿ ಬಿಚ್ಚಿ, ತಂತಿ ಬ್ರಷ್ಷಿನಿಂದ ತಿಕ್ಕಿ, ನಡುವೆ ಗ್ರಾಫೈಟ್ ಗ್ರೀಸ್ ಬಳಿದರು. ಒಣಗಿ ಸೀಳಿದ ರಬ್ಬರ್ ಬುಷ್ ಕಿತ್ತು ಹೊಸದು ಹಾಕಿದರು. ಬುಷ್ಷಿನ ನಟ್ಟನ್ನು ಮಾತ್ರ ಗಾಡಿ ಜಾಕಿ ಮೇಲಿದ್ದಾಗ ಬಿಗಿ ಮಾಡಲಿಲ್ಲ. ಕೆಳಗಿಳಿಸಿ, ಚಕ್ರದ ಮೇಲೆ ಪೂರ್ತಿ ಭಾರ ಬಿಟ್ಟ ಮೇಲೆ ಸ್ಪ್ಯಾನರ್ ಎಳೆದರು. ಎತ್ತಿದಾಗಲೇ ಬಿಗಿದರೆ ಗಾಡಿ ಇಳಿಯುವಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತಂತೆ. ಟೈರಿಗೆ 35 ಗಾಳಿ ಹೊಡೆಸಿದ್ದು ನೋಡಿ, "ಕಂಪನಿ ಪುಸ್ತಕ ಓದೀರೇನ್ರಿ? ಇಷ್ಟ್ಯಾಕ ಬೇಕ್ರಿ ಇದಕ?" ಅಂತ ಪುಸುಪುಸು ಬಿಟ್ಟರು.

ಅರ್ಧದಷ್ಟು ಕಷ್ಟ ಅಲ್ಲಿಗೇ ಇಳಿಯಿತು. ಇನ್ನರ್ಧಕ್ಕೆ ಒಂದು ಪಟ್ಟಿ ತೆಗೆದುಬಿಡಿ ಅಂದೆ.

"ಮೆತ್ತಗ ಆಗ್ತದ, ಖರೆ. ಆದ್ರ ನಾಕ್ ಮಂದಿ ಕುಂತ್ರ ಗಾಡಿನೂ ಕುಂಡ್ರತದ. ಅದರ ಬದ್ಲಿ ಹಿಂದ ಒಂದ್ ಚೀಲ ಜ್ವಾಳ ಹಾಕ್ಕೊಂಡು ಅಡ್ಡಾಡ್ರಿ."

ಜೋಳ ಯಾಕೆ, ಮಾಮಾ ಇದ್ದಾರಲ್ಲ! ನಮ್ಮ ಅವ್ವನ ತಮ್ಮ. ಚೀಲದ ಲೆಕ್ಕದಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿಯೇ. ಅವರನ್ನು ಹಿಂದೆ ಕೂರಿಸಿದ ದಿನ ಜಿಪ್ಸಿ ಹಂಪು ದಾಟಿದ್ದು ಅತ್ತೆಯವರಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಜಮಖಂಡಿ ಮದುವೆ, ಆಲಮಟ್ಟಿ ತಿರುಗಾಟ, ಗ್ಯಾಸ್ ಸಿಲಿಂಡರ್ ತರುವುದು, ಎಲ್ಲಕ್ಕೂ ಮಾಮಾನಿಗೆ ಮೊದಲ ಫೋನು. ಎಡಗಡೆ ಚಕ್ರ ಸದ್ದು ಮಾಡಿದರೆ, "ಮಾಮಾ, ಸ್ವಲ್ಪ ಈ ಕಡೆ ಬರ್ರಿ, ಗಾಳಿ ಚಲೋ ಬರ್ತದ" ಅಂದರೆ ಸಾಕು. "ಇಂಥಾ ಅಳಿಯ ಯಾರಿಗ್ ಸಿಗ್ತಾನ?" ಅಂತ ಅವರು ಊರೆಲ್ಲ ಹೇಳಿಕೊಂಡು ಬಂದರು. ಅವ್ವ ಒಳಗೊಳಗೇ ನಕ್ಕಳು. ನಾನು ತುಟಿ ಬಿಚ್ಚಲಿಲ್ಲ.

ಈಗ ಮಾಮಾನಿಗೆ ಶುಗರ್ ಬಂದಿದೆ. ಡಾಕ್ಟರು ನಡೀರಿ ಅಂದಿದ್ದೇ ತಡ, ದಿನಾ ಬೆಳಿಗ್ಗೆ ಗೋಳಗುಮ್ಮಟದ ತೋಟದಲ್ಲಿ ಸುತ್ತು ಹೊಡೆಯುತ್ತಿದ್ದಾರೆ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದಿದ್ದಾರೆ. ಮನೆಮಂದಿಗೆಲ್ಲ ಖುಷಿ. ನನಗೂ ಖುಷಿನೇ, ಆದರೆ ಮೊನ್ನೆ ಬಬಲೇಶ್ವರ ದಾರಿಯಲ್ಲಿ ಅತ್ತೆಯವರು ಮತ್ತೆ ಪೈಪು ಹಿಡಿದುಕೊಂಡರು.

ಮಿಸ್ತ್ರಿಯ ಹತ್ತಿರ ಹೋಗಿ, ಈಗಾದರೂ ಒಂದು ಪಟ್ಟಿ ತೆಗೀರಿ ಅಂದೆ. ಅವರು ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು.

"ತಡೀರಿ ಸರ, ಅವಸರ ಮಾಡಬ್ಯಾಡ್ರಿ. ಮಾಮಾರು ಇನ್ನ ಎಷ್ಟ್ ಕಿಲೋ ಇಳಸ್ತಾರ ಕೇಳ್ಕೊಂಡ್ ಬರ್ರಿ."