ಎದ್ದು ಬರುವ ಮಮ್ಮಿ ಯಾರ ಪರ?

ಪ್ರಶ್ನೆ: 1950ರ ದಶಕದ ಕೊನೆಯಿಂದ 1970ರ ದಶಕದವರೆಗೆ ಇಂಗ್ಲೆಂಡ್ ಮತ್ತು ಸ್ಪೇನ್‌ಗಳಲ್ಲಿ ಸಣ್ಣ ಬಂಡವಾಳದಲ್ಲಿ ತಯಾರಾದ ಮಮ್ಮಿ (ಕೆಡದಂತೆ ಕಾಪಿಟ್ಟ ಪುರಾತನ ಶವ) ಚಿತ್ರಗಳು ಈಜಿಪ್ಟಿನ ಮೃತರಿಗೆ ನ್ಯಾಯ ಸಲ್ಲಿಸುತ್ತವೆಯೇ?

ಪರ

ಭಯಚಿತ್ರಗಳ ಪೈಕಿ ಮಮ್ಮಿಯ ಕಥೆಗೆ ಒಂದು ವಿಶೇಷವಿದೆ: ಇಲ್ಲಿ ಮೊದಲ ಅಪರಾಧ ಮನುಷ್ಯರದು. ಡ್ರಾಕುಲಾ ರಕ್ತ ಹುಡುಕಿಕೊಂಡು ತಾನಾಗಿಯೇ ಹೊರಡುತ್ತಾನೆ. ಮಮ್ಮಿಯಾದರೋ ಯಾರೋ ಬಂದು ಮುದ್ರೆ ಒಡೆದು, ಪೆಟ್ಟಿಗೆ ತೆರೆದು, ಹಡಗಿಗೆ ಹೇರುವ ತನಕ ಸಾವಿರಾರು ವರ್ಷ ತಾನಿದ್ದಲ್ಲೇ ಮಲಗಿರುತ್ತದೆ. ಕೊಲೆಗಳು ನಡೆಯುವುದು ಆಮೇಲೆ. ಈ ಕ್ರಮವನ್ನು ಗಮನಿಸದೆ ಈ ಚಿತ್ರಗಳನ್ನು ತಳ್ಳಿಹಾಕುವುದು ಅವಸರದ ತೀರ್ಪು.

ಇಂಗ್ಲೆಂಡಿನ ಚಿತ್ರನಿರ್ಮಾಣ ಸಂಸ್ಥೆ ಹ್ಯಾಮರ್‌ಗಾಗಿ ಟೆರೆನ್ಸ್ ಫಿಶರ್ ನಿರ್ದೇಶಿಸಿದ 1959ರ ‘ದಿ ಮಮ್ಮಿ’ಯನ್ನೇ ನೋಡಬಹುದು. ತಾನು ಪ್ರೀತಿಸಿದ ರಾಜಕುಮಾರಿ ಅನಂಕಾಳನ್ನು ಸಾವಿನಿಂದ ಮರಳಿ ತರಲು ಯತ್ನಿಸಿದ ತಪ್ಪಿಗೆ ಅರ್ಚಕ ಖರಿಸ್‌ನ ನಾಲಿಗೆಯನ್ನು ಕತ್ತರಿಸಿ, ಅವಳ ಸಮಾಧಿಯ ಕಾವಲಿಗೆ ಅವನನ್ನು ಜೀವಂತ ಹೂಳಲಾಗಿರುತ್ತದೆ. ಮುಖವೆಲ್ಲ ಪಟ್ಟಿಗಳಿಂದ ಮುಚ್ಚಿದ್ದು, ಮಾತೂ ಇಲ್ಲದ ಈ ಪಾತ್ರದಲ್ಲಿ ಕ್ರಿಸ್ಟೋಫರ್ ಲೀ ಅವರಿಗೆ ಉಳಿದದ್ದು ಎರಡು ಕಣ್ಣು ಮತ್ತು ಎತ್ತರದ ಮೈಕಟ್ಟು ಮಾತ್ರ. ಪೀಟರ್ ಕಶಿಂಗ್ ನಟಿಸಿದ ಜಾನ್ ಬ್ಯಾನಿಂಗ್‌ನ ಕತ್ತನ್ನು ಹಿಸುಕುತ್ತಿರುವ ಆ ಕೈಗಳು, ಅನಂಕಾಳನ್ನು ಹೋಲುವ ಅವನ ಹೆಂಡತಿ ಕೂದಲು ಬಿಚ್ಚಿ ಎದುರು ನಿಂತ ಕೂಡಲೇ ಸಡಿಲಗೊಳ್ಳುತ್ತವೆ. ಆ ಕ್ಷಣದಲ್ಲಿ ಲೀ ಅವರ ಕಣ್ಣುಗಳಲ್ಲಿ ಕಾಣುವ ಅಳಲು ದೊಡ್ಡ ಬಂಡವಾಳದ ಎಷ್ಟೋ ಚಿತ್ರಗಳಲ್ಲಿ ನನಗೆ ಸಿಕ್ಕಿಲ್ಲ. ನೋಡುಗನ ಮನಸ್ಸು ಅಲ್ಲಿ ಬ್ಯಾನಿಂಗ್‌ನನ್ನು ಬಿಟ್ಟು ಸತ್ತವನ ಕಡೆಗೆ ಹೋಗುತ್ತದೆ.

ಅದೇ ಚಿತ್ರದಲ್ಲಿ ಬ್ಯಾನಿಂಗ್ ಈಜಿಪ್ಟಿನ ಮೆಹಮೆಟ್ ಬೇಯ ಮನೆಗೆ ಹೋಗಿ ಅವನ ದೇವರನ್ನು ಬೇಕೆಂದೇ ಹೀಯಾಳಿಸುತ್ತಾನೆ, ಮೆಹಮೆಟ್ ಬೇ ಸತ್ತವರ ನೆಮ್ಮದಿ ಕೆಡಿಸುವ ಹಕ್ಕನ್ನೇ ಪ್ರಶ್ನಿಸುತ್ತಾನೆ. ಈಜಿಪ್ಟಿನ ಸೂಯೆಜ್ ಕಾಲುವೆಯ ವಿಚಾರದಲ್ಲಿ ಬ್ರಿಟನ್ ಮುಖಭಂಗ ಅನುಭವಿಸಿದ್ದು 1956ರಲ್ಲಿ. ಅದಾಗಿ ಮೂರೇ ವರ್ಷಕ್ಕೆ ಬ್ರಿಟನ್ನಿನ ಪ್ರೇಕ್ಷಕರ ಮುಂದೆ ಇಂಥ ಮಾತು ಬಂದದ್ದು ಸಣ್ಣ ಸಂಗತಿಯೇನಲ್ಲ.

1964ರಲ್ಲಿ ಮೈಕೆಲ್ ಕರೆರಾಸ್ ನಿರ್ದೇಶಿಸಿದ ಮುಂದಿನ ಹ್ಯಾಮರ್ ಮಮ್ಮಿ ಚಿತ್ರದಲ್ಲಿ ಅಲೆಕ್ಸಾಂಡರ್ ಕಿಂಗ್ ಎಂಬ ಅಮೆರಿಕದ ಪ್ರದರ್ಶನ ವ್ಯಾಪಾರಿಯಿದ್ದಾನೆ. ಮಮ್ಮಿ ಕೈರೋದ ವಸ್ತುಸಂಗ್ರಹಾಲಯಕ್ಕೆ ಸೇರಬೇಕೆಂದು ಈಜಿಪ್ಟಿನ ಅಧಿಕಾರಿ ವಾದಿಸಿದರೆ, ಇವನು ಅದನ್ನು ಊರೂರಿಗೆ ಒಯ್ದು ಟಿಕೆಟ್ ಮಾರಲು ಹೊರಡುತ್ತಾನೆ, ಕೊನೆಗೆ ಅದೇ ಮಮ್ಮಿಯ ಕೈಯಲ್ಲಿ ಸಾಯುತ್ತಾನೆ. ಇದನ್ನು ಬರಿಯ ಕಲ್ಪನೆ ಎನ್ನಲಾಗದು. 1830ರ ದಶಕದ ಲಂಡನ್ನಿನಲ್ಲಿ ಥಾಮಸ್ ಪೆಟಿಗ್ರೂ ಎಂಬ ಶಸ್ತ್ರವೈದ್ಯ ತುಂಬಿದ ಸಭೆಗಳ ಮುಂದೆ ಮಮ್ಮಿಗಳ ಬಟ್ಟೆ ಬಿಚ್ಚಿ ಪ್ರದರ್ಶಿಸುತ್ತಿದ್ದ. ಯುರೋಪಿನ ಔಷಧದಂಗಡಿಗಳಲ್ಲಿ ಮಮ್ಮಿಯ ಪುಡಿ ಮದ್ದಾಗಿ ಮಾರಾಟವಾಯಿತು. ಚಿತ್ರಕಾರರು ಅದನ್ನೇ ಅರೆದು ಕಂದು ಬಣ್ಣ ಮಾಡಿಕೊಂಡರು. ಈ ಪಾಪವನ್ನು ಯುರೋಪಿನ ಗಂಭೀರ ಸಾಹಿತ್ಯ ಎಷ್ಟು ನೆನೆಯಿತೋ, ಸಣ್ಣ ಸ್ಟುಡಿಯೋಗಳ ಚಿತ್ರಗಳಂತೂ ಅದನ್ನು ಶಿಕ್ಷಾರ್ಹ ಅಪರಾಧವಾಗಿಯೇ ತೋರಿಸಿದವು.

ಹಣದ ಕೊರತೆಯೂ ಇಲ್ಲಿ ನೆರವಿಗೆ ಬಂದಿದೆ. ಪಟ್ಟಿ ಸುತ್ತಿದ ಒಬ್ಬ ಮನುಷ್ಯ ಗಾಜಿನ ಬಾಗಿಲು ಒಡೆದು ಒಳಬಂದಾಗ ಆ ದೇಹಕ್ಕೊಂದು ತೂಕವಿರುತ್ತದೆ, ಅದು ಒಮ್ಮೆ ಬದುಕಿದ್ದ ವ್ಯಕ್ತಿಯದೆಂಬ ಅರಿವು ನಮಗೆ ಉಳಿಯುತ್ತದೆ. 1971ರ ‘ಬ್ಲಡ್ ಫ್ರಮ್ ದಿ ಮಮ್ಮೀಸ್ ಟೂಂಬ್’ ಚಿತ್ರದ ಚಿತ್ರೀಕರಣ ಮುಗಿಯುವ ಮೊದಲೇ ನಿರ್ದೇಶಕ ಸೇತ್ ಹೋಲ್ಟ್ ತೀರಿಕೊಂಡರು, ಉಳಿದ ಭಾಗವನ್ನು ಕರೆರಾಸ್ ಪೂರೈಸಿದರು. ಅದರ ಕೊನೆಯ ದೃಶ್ಯದಲ್ಲಿ ಇಪ್ಪತ್ತನೆಯ ಶತಮಾನದ ಲಂಡನ್ನಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಮುಖವೆಲ್ಲ ಬ್ಯಾಂಡೇಜ್ ಸುತ್ತಿಸಿಕೊಂಡ ಹೆಣ್ಣೊಬ್ಬಳು ಕಣ್ಣು ತೆರೆಯುತ್ತಾಳೆ. ಅವಳು ಇಂಗ್ಲೆಂಡಿನ ಮಾರ್ಗರೆಟ್ಟೋ ಪುರಾತನ ರಾಣಿ ತೇರಾಳೋ ಎಂದು ಹೇಳಲು ಬರುವುದಿಲ್ಲ. ಬಟ್ಟೆ ಬಿಚ್ಚಿ ನೋಡಿದವರ ನಾಡಿನ ಹೆಣ್ಣೇ ಆ ಬಟ್ಟೆಯೊಳಗೆ ಮಲಗಿದ್ದಾಳೆ.

ವಿರೋಧ

1959ರ ಆ ಚಿತ್ರದಲ್ಲಿ ಮೆಹಮೆಟ್ ಬೇ ಪೂಜಿಸುವ ದೇವರ ಹೆಸರು ಕಾರ್ನಾಕ್. ಕಾರ್ನಾಕ್ ಎಂಬುದು ನೈಲ್ ದಂಡೆಯ ಲಕ್ಸರ್ ಬಳಿಯ ದೇವಾಲಯಗಳ ಸಮುಚ್ಚಯ. ಅಲ್ಲಿನ ಮುಖ್ಯ ದೇವರು ಅಮುನ್. ಊರನ್ನೇ ದೇವರನ್ನಾಗಿ ಮಾಡಿದವರು ಆ ದೇವರ ಪರವಾಗಿ ಆಡಿಸಿದ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಆ ಮಾತನ್ನು ಆಡಿದವರೂ ಈಜಿಪ್ಟಿನವರಲ್ಲ, ಸೈಪ್ರಸ್‌ನಲ್ಲಿ ಹುಟ್ಟಿದ ನಟ ಜಾರ್ಜ್ ಪ್ಯಾಸ್ಟೆಲ್. 1964ರ ಚಿತ್ರದ ಈಜಿಪ್ಟ್ ಅಧಿಕಾರಿಯೂ ಅವರೇ. 1967ರ ‘ದಿ ಮಮ್ಮೀಸ್ ಶ್ರೌಡ್’ನಲ್ಲಿ ಬಾಲ ಫೇರೋನ ಹೆಸರು ಕಾ-ಟು-ಬೇ; ‘ಬೇ’ ಎಂಬುದು ತುರ್ಕಿಯ ಬಿರುದು, ಫೇರೋಗಳ ಕಾಲ ಮುಗಿದು ಎಷ್ಟೋ ಶತಮಾನಗಳಾದ ಮೇಲೆ ಈಜಿಪ್ಟಿಗೆ ಬಂದದ್ದು.

ಇಂಥವನ್ನು ಸಣ್ಣ ತಪ್ಪೆಂದು ಬಿಟ್ಟುಬಿಡಲು ನನಗೆ ಸಾಧ್ಯವಾಗುವುದಿಲ್ಲ, ಏಕೆಂದರೆ ಪ್ರಾಚೀನ ಈಜಿಪ್ಟಿನವರಿಗೆ ಹೆಸರು ಉಳಿಯುವುದೆಂದರೆ ಸತ್ತವನು ಉಳಿಯುವುದೇ ಆಗಿತ್ತು. ನೇಟ್ರಾನ್ ಉಪ್ಪಿನಲ್ಲಿ ದೇಹವನ್ನು ಒಣಗಿಸಿ, ಎಣ್ಣೆ ಸವರಿ, ನಾರುಬಟ್ಟೆ ಸುತ್ತಿ, ಸುಮಾರು 70 ದಿನ ನಡೆಸುತ್ತಿದ್ದ ಆ ಸಂಸ್ಕಾರದ ಉದ್ದೇಶ ಪರಲೋಕದ ಬಾಳು. ಸತ್ತ ಮೇಲಿನ ತೀರ್ಪಿನಲ್ಲಿ ತೂಗಲು ಹೃದಯ ಬೇಕೆಂದು ಅದನ್ನು ದೇಹದಲ್ಲೇ ಬಿಡುತ್ತಿದ್ದರು. ಶವ ಎದ್ದು ಬಂದು ಕತ್ತು ಹಿಸುಕುವ ಕಲ್ಪನೆ ಯುರೋಪ್ ಮತ್ತು ಅಮೆರಿಕದ ಕಥೆಗಾರರದು. ತುತಾಂಖಾಮನ್‌ನ ಸಮಾಧಿ 1922ರಲ್ಲಿ ಪತ್ತೆಯಾಗಿ, ಮರುವರ್ಷ ಆ ಶೋಧಕ್ಕೆ ಹಣ ಒದಗಿಸಿದ್ದ ಲಾರ್ಡ್ ಕಾರ್ನಾರ್ವನ್ ಸೊಳ್ಳೆ ಕಡಿತದ ಗಾಯ ನಂಜಾಗಿ ಸತ್ತಾಗ ಪತ್ರಿಕೆಗಳು ಶಾಪದ ಸುದ್ದಿಯನ್ನು ಬೆಳೆಸಿದವು. ಸಮಾಧಿಯನ್ನು ಕಂಡುಹಿಡಿದ ಹೋವರ್ಡ್ ಕಾರ್ಟರ್ ಮಾತ್ರ 1939ರವರೆಗೆ ಬದುಕಿದ್ದರು.

ಸ್ಪೇನಿನ ಕಡೆ ಹೊರಳಿದರೆ ‘ನ್ಯಾಯ’ದ ಸೋಗೂ ಉಳಿಯುವುದಿಲ್ಲ. ಕಾರ್ಲೋಸ್ ಔರೆಡ್ 1973ರಲ್ಲಿ ಮಾಡಿದ ‘ಲಾ ವೆಂಗಾನ್ಸಾ ದೆ ಲಾ ಮೋಮಿಯಾ’ದಲ್ಲಿ ಪಾಲ್ ನಾಶಿ ನಟಿಸಿದ ಆಮೆನ್‌ಹೋಟೆಪ್ ಚಿತ್ರಹಿಂಸೆಯಲ್ಲಿ ಸುಖ ಕಾಣುವ ದೊರೆ. ಅವನ ಮಮ್ಮಿ ಲಂಡನ್ನಿನಲ್ಲಿ ಎದ್ದು ಹೆಣ್ಣುಮಕ್ಕಳ ತಲೆಗಳನ್ನು ಜಜ್ಜುತ್ತದೆ. ನಾಶಿ ಅವರ ನಟನೆಯ ಹುಮ್ಮಸ್ಸನ್ನು ನಾನು ಮೆಚ್ಚುತ್ತೇನೆ. ಆದರೆ ಹದಿನೆಂಟನೆಯ ರಾಜವಂಶದಲ್ಲಿ ಅದೇ ಹೆಸರಿನ ನಾಲ್ವರು ಅರಸರು ನಿಜವಾಗಿ ಆಳಿದ್ದರು, ಅವರ ಹೆಸರನ್ನು ಯಾವ ಅಳುಕೂ ಇಲ್ಲದೆ ಕೊಲೆಗಡುಕನಿಗೆ ಅಂಟಿಸಲಾಯಿತು.

ಬಡತನದ ನೆಪ ಹೇಳುವವರು ಈಜಿಪ್ಟಿನ ನಿರ್ದೇಶಕ ಶಾದಿ ಅಬ್ದೆಲ್ ಸಲಾಮ್ ಅವರ 1969ರ ‘ಅಲ್-ಮೂಮಿಯಾ’ವನ್ನು ನೋಡಬೇಕು. ಲಕ್ಸರ್ ಬಳಿಯ ದೇರ್ ಎಲ್-ಬಹರಿಯಲ್ಲಿ ಅರಸರ ಮಮ್ಮಿಗಳ ರಹಸ್ಯ ಅಡಗುದಾಣವನ್ನು ಬಲ್ಲ, ಅಲ್ಲಿಂದ ಒಡವೆ ಕದ್ದು ಮಾರಿ ಬದುಕುವ ಬುಡಕಟ್ಟೊಂದರ 1881ರ ಕಥೆಯದು. ಅಲ್ಲಿ ಯಾವ ಮಮ್ಮಿಯೂ ಎದ್ದು ನಡೆಯುವುದಿಲ್ಲ. ಮೊದಲ ದೃಶ್ಯದಲ್ಲೇ ಸತ್ತವನು ತನ್ನ ಹೆಸರನ್ನು ಮರೆಯದಿರಲಿ ಎಂಬ ಪುರಾತನ ಪ್ರಾರ್ಥನೆಯನ್ನು ಓದಲಾಗುತ್ತದೆ, ಕೊನೆಯಲ್ಲಿ ಶವಪೆಟ್ಟಿಗೆಗಳ ಮೆರವಣಿಗೆ ಬೆಳಗಿನ ಮಬ್ಬಿನಲ್ಲಿ ನದಿಯತ್ತ ಸಾಗುತ್ತದೆ. ಲೀ ಅವರ ಕಣ್ಣುಗಳ ಅಳಲನ್ನು ನಾನೂ ಕಂಡಿದ್ದೇನೆ; ಆದರೂ ಕಥೆ ಬರೆದವರು ಆ ಈಜಿಪ್ಟಿನವನ ನಾಲಿಗೆಯನ್ನು ಮೊದಲೇ ಕತ್ತರಿಸಿಟ್ಟಿದ್ದರು.

2021ರ ಏಪ್ರಿಲ್ 3ರಂದು ಕೈರೋದಲ್ಲಿ 18 ಅರಸರು ಮತ್ತು 4 ರಾಣಿಯರ ಮಮ್ಮಿಗಳನ್ನು ತಹ್ರೀರ್ ಚೌಕದ ಹಳೆಯ ವಸ್ತುಸಂಗ್ರಹಾಲಯದಿಂದ ಫುಸ್ತಾತ್‌ನ ಹೊಸ ಸಂಗ್ರಹಾಲಯಕ್ಕೆ ಮೆರವಣಿಗೆಯಲ್ಲಿ ಒಯ್ದರು. ಪ್ರತಿಯೊಂದು ವಾಹನದ ಮೇಲೂ ಒಳಗೆ ಮಲಗಿದ್ದವರ ಹೆಸರು ಬರೆದಿತ್ತು.