ಯಾವ ಮಂಜುನಾಥ?

ಕಾಲೇಜಿಗೆ ತನ್ನ ಹಳೆಯ ವಿದ್ಯಾರ್ಥಿಗಳ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತೆಂದರೆ ನ್ಯಾಕ್ ತಂಡ ಬರುವ ತಾರೀಖು ಗೊತ್ತಾಗಿದೆ ಎಂದೇ ತಿಳಿಯಬೇಕು. ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ದೇಶದ ಕಾಲೇಜುಗಳಿಗೆ ದರ್ಜೆ ಕೊಡುತ್ತ ಬಂದ ಈ ಸಂಸ್ಥೆಯ ಏಳು ಮಾನದಂಡಗಳ ಪದ್ಧತಿಯಲ್ಲಿ 5.4 ಎಂಬ ಉಪವಿಭಾಗ ಹಳೆಯ ವಿದ್ಯಾರ್ಥಿಗಳದ್ದು. ಒಟ್ಟು 1000 ಅಂಕಗಳಲ್ಲಿ ಅದರ ಪಾಲು 10. ಆ ಹತ್ತಂಕಕ್ಕಾಗಿ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಚಾಲಕರ ಫೋನಿಗೆ ಬಿಡುವಿಲ್ಲ. ‘ನಮಸ್ಕಾರ ಸರ್, ನೀವು ನಮ್ಮ ಕಾಲೇಜಿನ ಹೆಮ್ಮೆ. ಬರೋ ಗುರುವಾರ ಹತ್ತು ಗಂಟೆಗೆ ಪೀರ್ ಟೀಮ್ ಜೊತೆ ಇಂಟರಾಕ್ಷನ್ ಇದೆ, ದಯವಿಟ್ಟು ಬಂದುಬಿಡಿ, ಊಟ ಅಲ್ಲೇ ಇರುತ್ತೆ.’ ಈ ಕರೆ ಹೋಗುವುದು ಹೆಚ್ಚಾಗಿ ಕಾಲೇಜಿನ ಆಸುಪಾಸಿನಲ್ಲೇ ಅಂಗಡಿ, ಕ್ಲಿನಿಕ್ಕು, ವಕೀಲಿಕೆ ಇಟ್ಟುಕೊಂಡವರಿಗೆ. ಉಳಿದವರ ನಂಬರು ಕಾಲೇಜಿನ ಬಳಿ ಇರುವುದಿಲ್ಲ.

ಇರುವುದೇ ಇಲ್ಲ ಎಂದೂ ಹೇಳುವಂತಿಲ್ಲ. ಕಚೇರಿಯ ಬೀರುವಿನಲ್ಲಿ ಪ್ರವೇಶಾತಿ ರಿಜಿಸ್ಟರುಗಳು ವರ್ಷವಾರು ಧೂಳು ತಿನ್ನುತ್ತ ಕೂತಿವೆ. ಅವುಗಳಲ್ಲಿರುವ ವಿಳಾಸ ಅಪ್ಪನ ಕಾಲದ್ದು. ಫೋನು ಪಕ್ಕದ ಮನೆಯದು, ಮುಂದೆ ‘ಪಿಪಿ’ ಎಂದು ಬರೆದದ್ದು. ಸ್ವಲ್ಪ ಈಚಿನ ಬ್ಯಾಚಾದರೆ ಒಂದು ರೆಡಿಫ್‌ಮೇಲ್ ಐಡಿ, ಅದರ ಪಾಸ್‌ವರ್ಡು ಒಡೆಯನಿಗೇ ಮರೆತಿದೆ. ಇಷ್ಟಾದರೂ ಹೆಸರು ಸರಿಯಾಗಿದ್ದರೆ ಮನುಷ್ಯನನ್ನು ಹುಡುಕಬಹುದು. ನಮ್ಮ ಕಡೆ ಲೆಕ್ಕ ತಪ್ಪುವುದು ಅಲ್ಲೇ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಇನಿಷಿಯಲ್ಲು ಹೊತ್ತ ಮಂಜುನಾಥ ಪಾಸ್‌ಪೋರ್ಟು ಮಾಡಿಸುವಾಗ ಅದನ್ನು ಬಿಡಿಸಿ ಬರೆಯುತ್ತಾನೆ. ಊರೋ ಅಪ್ಪನೋ ಸರ್‌ನೇಮ್ ಆಗಿ ಕೂರುತ್ತದೆ. ಅಮೆರಿಕದ ಆಫೀಸಿನವರು ಅವನನ್ನು ಅವನಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಅವನು ಬರೀ ‘ಮಂಜು’. ಹೆಣ್ಣುಮಕ್ಕಳದ್ದು ಇನ್ನೂ ಪೇಚು: ಮದುವೆಯಾದ ಮೇಲೆ ಅಪ್ಪನ ಇನಿಷಿಯಲ್ಲು ಹೋಗಿ ಗಂಡನ ಹೆಸರು ಬಂದಿರುತ್ತದೆ, ತವರಿನ ವಿಳಾಸಕ್ಕೆ ಬರೆದ ಕಾಗದ ವಾಪಸು ಬರುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿಗಳಲ್ಲಿ ಗಂಡಸರೇ ತುಂಬಿರುವುದಕ್ಕೆ ಇದೂ ಒಂದು ಕಾರಣ.

ಒಂದೇ ತರಗತಿಯಲ್ಲಿ ನಾಲ್ವರು ಮಂಜುನಾಥರಿದ್ದಾಗ ಹುಡುಗರು ಕಚೇರಿಗಿಂತ ಜಾಣತನ ತೋರಿರುತ್ತಾರೆ: ಉದ್ದ ಮಂಜ, ಹಾಸ್ಟೆಲ್ ಮಂಜ, ಎನ್‌ಸಿಸಿ ಮಂಜ, ತರೀಕೆರೆ ಮಂಜ. ಹಾಗಾಗಿ ಪಟ್ಟಿ ಮಾಡುವವರು ಅಡ್ಡಹೆಸರಿಗೂ ಒಂದು ಕಾಲಂ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳವರಿಗೆ ಇನ್ನೊಂದು ಅನುಕೂಲವುಂಟು, ಯುಎಸ್‌ಎನ್. ಪ್ರತಿ ವಿದ್ಯಾರ್ಥಿಗೂ ವಿಶ್ವವಿದ್ಯಾಲಯ ಕೊಡುವ ಸಂಖ್ಯೆ ಅದು, ಹತ್ತೇ ಅಕ್ಷರ: ಮೊದಲು ವಲಯದ ಅಂಕಿ, ಆಮೇಲೆ ಕಾಲೇಜಿನ ಎರಡಕ್ಷರ, ಸೇರಿದ ವರ್ಷದ ಎರಡಂಕಿ, ಬ್ರಾಂಚಿನ ಎರಡಕ್ಷರ, ಕೊನೆಗೆ ಮೂರಂಕಿಯ ಕ್ರಮಸಂಖ್ಯೆ. ಹೆಂಡತಿಯ ಮೊಬೈಲ್ ನಂಬರು ಬಾಯಿಗೆ ಬಾರದವನೂ ತನ್ನ ಯುಎಸ್‌ಎನ್ ತಡವರಿಸದೆ ಹೇಳುತ್ತಾನೆ.

ಆರು ಸಾವಿರ ಜನರನ್ನು ಒಬ್ಬ ಉಪನ್ಯಾಸಕ ಹುಡುಕಲಾರ. ಅರವತ್ತು ಜನರನ್ನು ಅವರದೇ ಬ್ಯಾಚಿನ ಒಬ್ಬ ಹುಡುಕಬಲ್ಲ. ಆ ಒಬ್ಬ ಯಾರು ಎನ್ನುವುದರಲ್ಲಿ ಕಾಲೇಜುಗಳು ಎಡವುತ್ತವೆ. ರ‍್ಯಾಂಕ್ ಬಂದವನನ್ನೋ ಈಗ ದೊಡ್ಡ ಹುದ್ದೆಯಲ್ಲಿರುವವನನ್ನೋ ಹಿಡಿದು ‘ಬ್ಯಾಚ್ ಪ್ರತಿನಿಧಿ’ ಮಾಡುತ್ತವೆ. ಅವನಿಗೆ ಬಿಡುವಿಲ್ಲ, ಅವನ ಫೋನು ಎತ್ತುವುದು ಪಿ.ಎ. ಹಿಡಿಯಬೇಕಾದ್ದು ಫೈನಲ್ ಇಯರ್ ಟೂರಿಗೆ ದುಡ್ಡು ಎತ್ತಿದವನನ್ನು. ಯಾರು ಕೊಟ್ಟರು, ಯಾರು ಕೊಡದೆ ಬಸ್ಸು ಹತ್ತಿದರು ಎಂಬುದು ಅವನಿಗೆ ಈಗಲೂ ನೆನಪಿರುತ್ತದೆ. ಅವನಿಗೆ ಕೊಡುವ ಫಾರಂ ಚಿಕ್ಕದಿರಲಿ: ಸೇರುವಾಗಿನ ಹೆಸರು, ಈಗಿನ ಹೆಸರು, ವರ್ಷ ಮತ್ತು ವಿಭಾಗ, ರಿಜಿಸ್ಟರ್ ನಂಬರು, ಈಗಿರುವ ಊರು, ಒಂದು ಫೋನು, ಒಂದು ಸ್ವಂತ ಇಮೇಲ್. ಕಂಪನಿಯ ಇಮೇಲ್ ತೆಗೆದುಕೊಂಡರೆ ಅವನು ಕೆಲಸ ಬದಲಿಸಿದ ದಿನ ಅದು ಸತ್ತುಹೋಗುತ್ತದೆ. ‘ವಾರ್ಷಿಕ ಆದಾಯ’ ಎಂಬ ಸಾಲು ಸೇರಿಸಿದರಂತೂ ತುಂಬುತ್ತಿದ್ದವರು ಅಲ್ಲಿಗೇ ನಿಲ್ಲಿಸುತ್ತಾರೆ. ಕೊನೆಯಲ್ಲಿ ‘ಯಾವಾಗ ಖಚಿತಪಡಿಸಿದ್ದು’ ಎಂಬ ತಾರೀಖಿನ ಕಾಲಂ ಬೇಕೇ ಬೇಕು. ಅದಿಲ್ಲದ ಪಟ್ಟಿಯಲ್ಲಿ ಯಾವ ನಂಬರು ಜೀವಂತ, ಯಾವುದು ಸತ್ತದ್ದು ಎಂದು ತಿಳಿಯುವುದಿಲ್ಲ.

ಪಟ್ಟಿ ಸಿದ್ಧವಾದೊಡನೆ ಅದರ ಮೇಲೆ ಕಣ್ಣು ಬೀಳುತ್ತದೆ. ವಿಮೆ ಏಜೆಂಟರು, ಸೈಟು ಮಾರುವವರು ಸರಿಯೇ ಸರಿ. ನಮ್ಮ ರಾಜ್ಯದಲ್ಲಿ ಇನ್ನೊಂದು ಗಿರಾಕಿಯೂ ಇದೆ. ವಿಧಾನ ಪರಿಷತ್ತಿನಲ್ಲಿ ಪದವೀಧರರ ಕ್ಷೇತ್ರಗಳು ಏಳಿವೆ. ಪದವಿ ಪಡೆದು ಮೂರು ವರ್ಷವಾದವರು ಹೆಸರು ನೋಂದಾಯಿಸಿಕೊಂಡು ಓಟು ಹಾಕುವ ಕ್ಷೇತ್ರಗಳು ಅವು. ಚುನಾವಣೆ ಹತ್ತಿರ ಬಂದಾಗ ಪದವೀಧರರ ಫೋನ್ ನಂಬರುಗಳ ಕಟ್ಟು ಯಾರಿಗೆ ಬೇಡ? ಒಮ್ಮೆ ಪಟ್ಟಿ ಹೊರಗೆ ಹೋಯಿತೋ ಮುಂದಿನ ಸಲ ಕಾಲೇಜಿನ ಮೆಸೇಜನ್ನು ಯಾರೂ ತೆರೆದು ನೋಡುವುದಿಲ್ಲ.

ವಿಶ್ವವಿದ್ಯಾಲಯದ ಮಟ್ಟಕ್ಕೆ ಬಂದರೆ ಗೋಜಲು ಇನ್ನೊಂದು ಬಗೆಯದು: ಹಳೆಯ ವಿದ್ಯಾರ್ಥಿ ಎಂದರೆ ಯಾರ ಹಳೆಯ ವಿದ್ಯಾರ್ಥಿ? ಬೆಂಗಳೂರಿನ ಸೆಂಟ್ರಲ್ ಕಾಲೇಜು 1858ರಷ್ಟು ಹಿಂದಿನದು. ಅದು ಮದ್ರಾಸು ವಿಶ್ವವಿದ್ಯಾಲಯದ ಕೆಳಗಿತ್ತು, 1916ರಲ್ಲಿ ಮೈಸೂರಿನದಾಯಿತು, 1964ರಲ್ಲಿ ಬೆಂಗಳೂರಿನದಾಯಿತು, 2017ರ ವಿಭಜನೆಯ ನಂತರ ಅದೇ ಆವರಣದಲ್ಲಿ ಬೆಂಗಳೂರು ನಗರ ವಿಶ್ವವಿದ್ಯಾಲಯ ಎನಿಸಿಕೊಂಡ ಹೊಸ ವಿಶ್ವವಿದ್ಯಾಲಯ ಬಂತು. ಧಾರವಾಡ, ಮೈಸೂರುಗಳ ಮಡಿಲಿಂದ 1980ರಲ್ಲಿ ಗುಲ್ಬರ್ಗ, ಮಂಗಳೂರು ಬೇರೆಯಾದವು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. 1998ರಲ್ಲಿ ವಿಟಿಯು ಬಂದು ಇಂಜಿನಿಯರಿಂಗ್ ಕಾಲೇಜುಗಳು ಅದರ ಪಾಲಾದವು. ಸುರತ್ಕಲ್ಲಿನ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾದ ಕೆಆರ್‌ಇಸಿ 2002ರಲ್ಲಿ ಎನ್‌ಐಟಿಕೆ ಆಯಿತು. ಅದಕ್ಕೆ ಮೊದಲು ಓದಿದವರ ಬಾಯಲ್ಲಿ ಅದು ಇಂದಿಗೂ ಕೆಆರ್‌ಇಸಿಯೇ. ಇಂಥ ಕಡೆ ಟೀಶರ್ಟು, ಮಗ್ಗು ಮಾಡಿಸುವವರು ಹಳೆಯ ಹೆಸರು, ಹೊಸ ಹೆಸರು ಎರಡನ್ನೂ ಮಾಡಿಸಿಟ್ಟರೆ ಬುದ್ಧಿವಂತರು. ಹೆಸರು ಬದಲಾದ ಸಂಸ್ಥೆ ಹಳೆಯದನ್ನು ಒರೆಸಿ ಹಾಕಿತೆಂದರೆ ಅಷ್ಟು ಬ್ಯಾಚುಗಳನ್ನೂ ಒರೆಸಿದಂತೆಯೇ.

ಹಾಗೆ ನೋಡಿದರೆ ಜನರ ಅಭಿಮಾನ ವಿಶ್ವವಿದ್ಯಾಲಯಕ್ಕೆ ಅಂಟುವುದು ಕಡಿಮೆ. ಅದು ವಿಭಾಗಕ್ಕೆ, ಹಾಸ್ಟೆಲಿಗೆ, ಕ್ಯಾಂಟೀನಿಗೆ, ಒಬ್ಬಿಬ್ಬರು ಮೇಷ್ಟ್ರಿಗೆ ಅಂಟುತ್ತದೆ. ಮೈಸೂರಿನ ‘ನ ಹಿ ಜ್ಞಾನೇನ ಸದೃಶಂ’, ಧಾರವಾಡದ ‘ಅರಿವೇ ಗುರು’ ಎಂಬ ಧ್ಯೇಯವಾಕ್ಯಗಳನ್ನು ಮರೆತವರಿಗೂ ಮೆಸ್ಸಿನ ಭಾನುವಾರದ ಊಟ ಏನಿತ್ತೆಂಬುದು ನೆನಪಿರುತ್ತದೆ. 1921ರಲ್ಲಿ ರಾಧಾಕೃಷ್ಣನ್ ಕಲ್ಕತ್ತೆಗೆ ಹೊರಟಾಗ ಮಹಾರಾಜ ಕಾಲೇಜಿನ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ನಿಲ್ದಾಣದವರೆಗೆ ಎಳೆದದ್ದನ್ನು ಮೈಸೂರು ಇನ್ನೂ ಹೇಳಿಕೊಳ್ಳುತ್ತದೆ. ಎಳೆದದ್ದು ಮೇಷ್ಟ್ರ ಗಾಡಿಯನ್ನು, ಕುಲಪತಿಗಳ ಗಾಡಿಯನ್ನಲ್ಲ. ಪ್ರಾಂಶುಪಾಲರ ಕೊಠಡಿಯ ಎದುರು ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಎಂದು ಹಾಕುವ ಬೋರ್ಡಿನಿಂದ ಹೆಚ್ಚು ಪ್ರಯೋಜನವಿಲ್ಲ ಎನ್ನಲು ಕಾರಣವೂ ಇದೇ. ಅದರಲ್ಲಿ ಹತ್ತು ಹನ್ನೆರಡು ಮುಖ, ಅರ್ಧ ಜನ ತೀರಿಕೊಂಡವರು. ಮಿಕ್ಕವರಿಗೆ ಆ ಗೋಡೆಯ ಮೇಲೆ ಜಾಗವಿಲ್ಲ ಎಂಬುದಷ್ಟೇ ಅದು ತಿಳಿಸುವ ಸುದ್ದಿ. ಅದರ ಬದಲು ಪ್ರತಿ ಬ್ಯಾಚಿನ ಗ್ರೂಪ್ ಫೋಟೋ ಹೆಸರುಗಳ ಸಮೇತ ತೂಗುಹಾಕಿದರೆ, ಬಂದವರು ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ.

ಪದವಿ ಮುಗಿದ ಮೇಲೆ ಹೆಚ್ಚಿನವರು ವಿಶ್ವವಿದ್ಯಾಲಯದ ಮುಖ ನೋಡುವುದು ಒಂದೇ ಕಡೆ, ಕುಲಸಚಿವರು (ಮೌಲ್ಯಮಾಪನ) ಕಚೇರಿಯ ಕಿಟಕಿಯಲ್ಲಿ. ಕೆನಡಾಕ್ಕೋ ಅಮೆರಿಕಕ್ಕೋ ಹೊರಟವನಿಗೆ ಟ್ರಾನ್ಸ್‌ಕ್ರಿಪ್ಟ್ ಬೇಕು, ಸೀಲು ಹಾಕಿದ ಲಕೋಟೆಯಲ್ಲಿ ಬೇಕು, ಗಡುವಿನೊಳಗೆ ಬೇಕು. ಅವನ ಪರವಾಗಿ ಊರಿನಿಂದ ಅಪ್ಪ ಬಸ್ಸು ಹತ್ತಿ ಬಂದಿರುತ್ತಾರೆ. ಚಲನ್ ಒಂದು ಕಡೆ, ಅರ್ಜಿ ಇನ್ನೊಂದು ಕಡೆ, ಕೇಸ್ ವರ್ಕರ್ ರಜೆ. ಮಧ್ಯಾಹ್ನದ ಮೇಲೆ ಬನ್ನಿ. ಆಮೇಲೆ ಗೊತ್ತಾಗುತ್ತದೆ, ಮೂರನೇ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡಿನ ಜೆರಾಕ್ಸು ಇಟ್ಟಿಲ್ಲವೆಂದು. ಆ ಅಪ್ಪ ಸಂಜೆ ಬಸ್ಸಿನಲ್ಲಿ ಕೂತು ಮಗನಿಗೆ ಫೋನು ಮಾಡಿ ಏನು ಹೇಳುತ್ತಾರೋ ಅದೇ ಮುಂದಿನ ಮೂವತ್ತು ವರ್ಷ ಆ ವಿಶ್ವವಿದ್ಯಾಲಯದ ಬಗ್ಗೆ ಆ ಮನೆಯ ಅಭಿಪ್ರಾಯ. ಹಳೆಯ ವಿದ್ಯಾರ್ಥಿಗಳ ಘಟಕ ಎಂದು ಬೇರೆ ಕಟ್ಟಡ ಕಟ್ಟುವ ಮೊದಲು ಈ ಕಿಟಕಿಯನ್ನು ಸರಿಮಾಡಬೇಕು: ಶುಲ್ಕ ಎಷ್ಟು, ಎಷ್ಟು ದಿನ, ಯಾವ ಕಾಗದ ಎಂದು ಕಿಟಕಿಯ ಪಕ್ಕದಲ್ಲೇ ಬರೆದಿರಬೇಕು, ಪರವಾಗಿ ಬಂದವರ ಕೈಯಲ್ಲಿ ಇರಬೇಕಾದ ಒಪ್ಪಿಗೆ ಪತ್ರದ ಮಾದರಿ ಅಲ್ಲೇ ಸಿಗಬೇಕು, ಅರ್ಜಿ ಎಲ್ಲಿಗೆ ಬಂತೆಂದು ಎಸ್ಸೆಮ್ಮೆಸ್ ಹೋಗಬೇಕು. ಅರ್ಜಿಯಲ್ಲಿ ಆ ಮನುಷ್ಯನ ಈಗಿನ ಫೋನು, ಇಮೇಲ್ ಇದ್ದೇ ಇರುತ್ತದೆ. ಪಟ್ಟಿಗೆ ಇದಕ್ಕಿಂತ ತಾಜಾ ಮಾಹಿತಿ ಇನ್ನೆಲ್ಲಿ ಸಿಗುತ್ತದೆ? ಪಟ್ಟಿಗೆ ಸೇರಿಸಿಕೊಳ್ಳಬಹುದೇ ಎಂದು ಕೇಳುವ ಒಂದು ಟಿಕ್ ಸಾಕು.

ಇನ್ನು ಸ್ನೇಹಮಿಲನ. ಹತ್ತನೇ ವರ್ಷದ್ದು ಅಷ್ಟಾಗಿ ಕೂಡುವುದಿಲ್ಲ. ಮಕ್ಕಳು ಚಿಕ್ಕವು, ಯಾರ ಸಂಬಳ ಎಷ್ಟೆಂಬ ಅಳತೆ ಇನ್ನೂ ಮುಗಿದಿರುವುದಿಲ್ಲ. ಇಪ್ಪತ್ತೈದನೆಯದು ಚೆನ್ನಾಗಿ ನಡೆಯುತ್ತದೆ. ಕೂದಲು ಎಲ್ಲರದ್ದೂ ಹೋಗಿರುತ್ತದೆ, ಮುಚ್ಚಿಡಲು ಹೆಚ್ಚೇನೂ ಉಳಿದಿರುವುದಿಲ್ಲ. ತಾರೀಖು ಹಿಡಿಯುವವರು ಪಂಚಾಂಗ ನೋಡಬೇಕು, ಮದುವೆ ಮುಹೂರ್ತ ತಪ್ಪಿಸುವುದಕ್ಕೆ. ಮುಹೂರ್ತದ ದಿನ ಅಡುಗೆಯವರೂ ಸಿಗುವುದಿಲ್ಲ, ಬರಬೇಕಾದ ಅರ್ಧ ಜನ ಯಾರದೋ ಆರತಕ್ಷತೆಯಲ್ಲಿರುತ್ತಾರೆ. ಹೊರದೇಶದವರಿಗೆ ಡಿಸೆಂಬರ್ ಕೊನೆಯ ವಾರ ಅನುಕೂಲ, ಆದರೆ ವಿಮಾನದ ಟಿಕೆಟ್ಟು ದುಬಾರಿ. ಆರು ತಿಂಗಳು ಮುಂಚೆ ಹೇಳಿರಬೇಕು. ತಲೆ ಎಣಿಕೆ ವಾಟ್ಸಾಪಿನಲ್ಲಿ ಬೇಡ. ಹೆಬ್ಬೆರಳು ಎತ್ತಿದವರು ಬರುವುದು ಅನುಮಾನ, ಮುಂಗಡ ಕಟ್ಟಿದವರು ಬಂದೇ ಬರುತ್ತಾರೆ.

ಕಾರ್ಯಕ್ರಮ ಕೆಡುವುದು ವೇದಿಕೆಯಲ್ಲಿ. ಹದಿನಾಲ್ಕು ಕುರ್ಚಿ, ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ, ಪ್ರತಿಯೊಬ್ಬರಿಗೂ ಹಾರ, ಶಾಲು, ಮೈಸೂರು ಪೇಟ, ನೆನಪಿನ ಕಾಣಿಕೆ. ಮುಖ್ಯ ಅತಿಥಿ ಒಂದೂವರೆ ಗಂಟೆ ತಡ. ಅಷ್ಟರಲ್ಲಿ ಯಾರಿಗಾಗಿ ಇದೆಲ್ಲವೋ ಅವರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿಂದ ಕ್ಯಾಂಟೀನಿಗೆ ಜಾರಿರುತ್ತಾರೆ. ವೇದಿಕೆ ಮುಕ್ಕಾಲು ಗಂಟೆ ಮೀರಬಾರದು. ಉಳಿದ ಹೊತ್ತು ಹಳೆಯ ತರಗತಿಯಲ್ಲಿ ಕೂರಿಸಿ, ನಿವೃತ್ತ ಮೇಷ್ಟ್ರ ಕೈಗೆ ಹಳೆಯ ಹಾಜರಿ ಪುಸ್ತಕದ ನಕಲು ಕೊಟ್ಟು ಹಾಜರಿ ಕರೆಸಬೇಕು. ಐವತ್ತು ವರ್ಷದವರು ‘ಪ್ರೆಸೆಂಟ್ ಸರ್’ ಎನ್ನುವ ಆ ಹತ್ತು ನಿಮಿಷಕ್ಕೆ ಯಾವ ಆರ್ಕೆಸ್ಟ್ರಾವೂ ಸಮವಲ್ಲ. ಮೇಷ್ಟ್ರನ್ನು ಕರೆತರಲು ಕಾರು, ಕೂರಲು ಕೈಯಿರುವ ಕುರ್ಚಿ, ನೆಲ ಅಂತಸ್ತಿನ ಕೊಠಡಿ; ಮೊದಲ ಮಹಡಿ ಎಂದರೆ ಅರ್ಧ ಜನ ಮೇಷ್ಟ್ರು ಬರುವುದಿಲ್ಲ. ಬ್ಯಾಡ್ಜಿನಲ್ಲಿ ಹೆಸರು ನಾಲ್ಕು ಹೆಜ್ಜೆ ದೂರದಿಂದ ಓದುವಷ್ಟು ದಪ್ಪಗೆ, ಪಕ್ಕದಲ್ಲಿ ಆಗಿನ ಫೋಟೋ. ಓದಲು ಕನ್ನಡಕ ಹುಡುಕುವಂತಾದರೆ ಬ್ಯಾಡ್ಜು ಹಾಕಿಯೂ ದಂಡ.

ಯಾರೂ ನೆನಪಿಡದ ಸಂಗತಿ ಬೀಗದ ಕೈ. ಕಾರ್ಯಕ್ರಮ ಭಾನುವಾರ, ಲ್ಯಾಬು, ವಿಭಾಗ, ಕೊನೆಗೆ ಶೌಚಾಲಯ ಕೂಡ ಬೀಗ. ಪ್ರಾಂಶುಪಾಲರ ಅನುಮತಿ ಪತ್ರ ಜೇಬಿನಲ್ಲಿದ್ದರೂ ಕೀಗೊಂಚಲು ಇರುವ ಅಟೆಂಡರು ಊರಿಗೆ ಹೋಗಿರುತ್ತಾನೆ. ಅವನ ಆ ದಿನದ ಭತ್ಯೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರೆಯುವುದು ಒಳ್ಳೆಯದು.

ದುಡ್ಡಿನ ಮಾತು ಕೊನೆಗೆ ಬರಬೇಕು, ಎಲ್ಲ ಕಡೆ ಮೊದಲಿಗೇ ಬರುತ್ತದೆ. ನಮ್ಮಲ್ಲಿ ದತ್ತಿ ಬಹುಮಾನದ ಹಳೆಯ ಸಂಪ್ರದಾಯವಿದೆ: ಅಪ್ಪ ಅಮ್ಮನ ಹೆಸರಿನಲ್ಲಿ ಘಟಿಕೋತ್ಸವದಲ್ಲಿ ಒಂದು ಚಿನ್ನದ ಪದಕ. ಹಿಂದೆ ಹತ್ತು ಸಾವಿರ ರೂಪಾಯಿ ಇಟ್ಟರೆ ಅದರ ಬಡ್ಡಿಯಲ್ಲಿ ಪದಕ ಬರುತ್ತಿತ್ತು. ಈಗ ಶೇಕಡಾ 6.5ರಂತೆ ಅದರ ಬಡ್ಡಿ 650 ರೂಪಾಯಿ. ಒಂದು ಗ್ರಾಂ ಚಿನ್ನವೂ ಬಾರದು. ಹೊಸದಾಗಿ ಇಡುವವರು ಚಿನ್ನವನ್ನು ಬಿಟ್ಟು ನಗದು ಎಂದು ಬರೆಯಬೇಕು, ಬಡ್ಡಿಯಲ್ಲೂ ಒಂದು ಪಾಲನ್ನು ಅಸಲಿಗೆ ಸೇರಿಸುವ ಷರತ್ತು ಹಾಕಬೇಕು. ಎರಡು ಲಕ್ಷಕ್ಕೆ 13,000 ಬಂದರೆ 10,000 ಹಂಚಿ 3,000 ಒಳಗೇ ಬಿಟ್ಟರೆ ಅದು ಮೊಮ್ಮಕ್ಕಳ ಕಾಲಕ್ಕೂ ಉಸಿರಾಡುತ್ತದೆ.

ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಲು ಏಳು ಜನ ಸಾಕು. ಕಷ್ಟವಿರುವುದು ಆಮೇಲೆ ಪ್ರತಿ ವರ್ಷ ಸಭೆ ಮಾಡಿ ಲೆಕ್ಕಪತ್ರ ಸಲ್ಲಿಸುವುದರಲ್ಲಿ. ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಎಂದು ರೂಢಿಯಾದ ತೆರಿಗೆ ವಿನಾಯಿತಿ 2,000 ರೂಪಾಯಿ ದಾಟಿದ ನಗದಿಗೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುವುದೇ ಇಲ್ಲ, ಹಾಗಾಗಿ ಎಳೆಯ ಬ್ಯಾಚುಗಳನ್ನು ಅದು ಸೆಳೆಯುವುದಿಲ್ಲ. ಹೊರದೇಶದ ಹಣದಲ್ಲಿ ಒಂದು ವಿಚಿತ್ರವಿದೆ. ನ್ಯೂಜೆರ್ಸಿಯ ಒಂದೇ ಬೀದಿಯಲ್ಲಿ ಇಬ್ಬರು ಸಹಪಾಠಿಗಳಿದ್ದಾರೆ ಎನ್ನಿ. ಗ್ರೀನ್ ಕಾರ್ಡಿನವನು ಇನ್ನೂ ಭಾರತದ ಪ್ರಜೆ. ಅವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವನು ಅಷ್ಟೇ ಹಣ ಕಳಿಸಿದರೆ ಅದು ವಿದೇಶಿ ದೇಣಿಗೆ. ಸಂಘಕ್ಕೆ ಎಫ್‌ಸಿಆರ್‌ಎ ಎಂಬ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇರಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು ಜೇಬಿನಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬಾರದು. ಇದನ್ನು ವಿಚಾರಿಸದೆ ಖಾತೆ ಸಂಖ್ಯೆ ಹಂಚಿದ ಖಜಾಂಚಿ ಆಮೇಲೆ ಹಣ ವಾಪಸು ಮಾಡುವ ದಾರಿ ಹುಡುಕುತ್ತ ಅಲೆಯುತ್ತಾನೆ.

ಇಷ್ಟೆಲ್ಲ ಸರಿಯಿದ್ದ ಸಂಘಗಳೂ ಮಲಗುವುದು ಒಂದು ವರ್ಗಾವಣೆಯಿಂದ. ಸಂಘದ ಜಿಮೇಲ್ ಖಾತೆ ತೆರೆದದ್ದು ಉತ್ಸಾಹಿ ಉಪನ್ಯಾಸಕರೊಬ್ಬರು, ತಮ್ಮ ಮೊಬೈಲ್ ನಂಬರು ಕೊಟ್ಟು. ಪಟ್ಟಿ, ಫೋಟೋ, ಫಾರಂ ಎಲ್ಲ ಅದರೊಳಗೆ. ಅವರಿಗೆ ಬೀದರಿಗೆ ವರ್ಗವಾಗುತ್ತದೆ, ಹೊಸಬರು ಲಾಗಿನ್ ಆಗಲು ಹೋದರೆ ಒಟಿಪಿ ಬೀದರಿಗೆ ಹೋಗುತ್ತದೆ, ಅವರು ತರಗತಿಯಲ್ಲಿರುತ್ತಾರೆ. ಕಾಲೇಜಿನ ಹೆಸರಿನಲ್ಲೇ ಒಂದು ಸಿಮ್ಮು, ಒಂದು ಅಗ್ಗದ ಫೋನು ಕೊಂಡು ಕಚೇರಿಯ ಮೇಜಿನಲ್ಲಿಡಬೇಕು. ರೀಚಾರ್ಜು ತಪ್ಪಿ ತೊಂಬತ್ತು ದಿನ ಬಳಕೆಯಿಲ್ಲದೆ ಬಿದ್ದರೆ ಕಂಪನಿ ಆ ನಂಬರನ್ನು ಕಿತ್ತು ಬೇರೆಯವರಿಗೆ ಕೊಡಬಹುದು. ರೀಚಾರ್ಜಿನ ರಸೀದಿ ‘ಅಂಚೆ ಮತ್ತು ದೂರವಾಣಿ’ ಬಾಬ್ತಿನಲ್ಲಿ ಹಾಕಿದರೆ ಆಡಿಟ್‌ನವರು ತಕರಾರು ಮಾಡುವುದಿಲ್ಲ.