ಬಾಗಿಲು ಎತ್ತರದಲ್ಲಿದ್ದ ಮಾತ್ರಕ್ಕೆ ಕೋಟೆಯೇ?

ನಿಮ್ಮ ಲೇಖನದಲ್ಲಿ, ಐರ್ಲೆಂಡಿನ ಹಳೆಯ ಕ್ರೈಸ್ತ ಮಠವಾದ ಮೊನಾಸ್ಟರ್‌ಬಾಯ್ಸ್‌ನ ದುಂಡು ಗೋಪುರಕ್ಕೆ ಬಾಗಿಲನ್ನು ಎತ್ತರದಲ್ಲಿ ಇಟ್ಟಿದ್ದು ಹಡಗಿನಲ್ಲಿ ಬಂದು ಕೊಳ್ಳೆ ಹೊಡೆಯುತ್ತಿದ್ದ ವೈಕಿಂಗರಿಂದ ತಪ್ಪಿಸಿಕೊಳ್ಳಲು ಅಂತ ಬರೆದಿದ್ದೀರಿ. ಒಪ್ಪೋದು ಕಷ್ಟ. ಒಳಗೆಲ್ಲ ಮರದ ಅಟ್ಟ, ಮರದ ಏಣಿ. ಕೆಳಗೆ ಬೆಂಕಿ ಬಿದ್ದರೆ ಅದು ಹೊಗೆ ಕೊಳವೆಯೇ ಸರಿ. ಇದೇ ಗೋಪುರ 1097ರಲ್ಲಿ ಪುಸ್ತಕ, ಒಡವೆಗಳ ಸಮೇತ ಸುಟ್ಟುಹೋಯಿತು. ಐರ್ಲೆಂಡಿನದೇ ಸ್ಲೇನ್‌ನಲ್ಲಿ 950ರಲ್ಲಿ ಗಂಟೆ ಗೋಪುರ ಸುಟ್ಟಾಗ ಒಳಗಿದ್ದ ಜನರೂ ಉಳಿಯಲಿಲ್ಲ. ಅಡಿಪಾಯ ಆಳವಿಲ್ಲದ ಗೋಪುರದ ಬುಡದಲ್ಲೇ ಬಾಗಿಲು ಇಟ್ಟರೆ ಗೋಡೆಯ ಬಲ ಕಡಿಮೆಯಾಗುತ್ತದೆ, ಆ ಕಾರಣವೇ ಜಾಸ್ತಿ ಸರಿ ಅನಿಸುತ್ತದೆ. ಅಷ್ಟಕ್ಕೂ ಅದು ಗಂಟೆ ಗೋಪುರ ಅಲ್ವಾ?

ಅದೇ ಮಠದಲ್ಲಿರುವ, ಕೆತ್ತನೆಯ ಕಲ್ಲಿನ ಮುಯಿರೆಡಾಕ್ ಶಿಲುಬೆಯನ್ನಂತೂ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ! ಅದರ ಪಶ್ಚಿಮದ ಬದಿಯ ಬುಡದಲ್ಲಿ ಎರಡು ಬೆಕ್ಕುಗಳಿವೆ. ಒಂದು ಮರಿಯನ್ನು ನೆಕ್ಕುತ್ತಿದೆ, ಇನ್ನೊಂದು ಹಕ್ಕಿ ಹಿಡಿದಿದೆ. ಅಲ್ಲೇ, ಶಿಲುಬೆ ಮಾಡಿಸಿದ ಮುಯಿರೆಡಾಕ್‌ಗಾಗಿ ಪ್ರಾರ್ಥಿಸಿ ಅನ್ನುವ ಬರಹವೂ ಇದೆ. ಅದರ ಒಂದು ಫೋಟೋ ಆದರೂ ಹಾಕಬೇಕಿತ್ತು.